ಒಣ ಬೇರಿಂಗ್

೧೨ ಜೂನ್ ೨೦೦೮, ಬೆಳಿಗ್ಗೆ ೧೦
ನಂಜನಗೂಡು

ಲ್ಯಾಬ್ ಬೀಗ ತೆಗೆಯುವಷ್ಟರಲ್ಲೇ ಭಾನುಪ್ರಿಯಾ ಬಾಗಿಲಲ್ಲಿ. ನರಸೀಪುರದ ಮೊದಲ ಬಸ್ಸು. ನನ್ನ ಕೈಕೆಳಗೆ ಎಂ.ಫಿಲ್. ಮಾಡುವವಳು ಇವಳೊಬ್ಬಳೇ. ಪ್ರಯೋಗ ಸರಳ — ಅದುರುವ ಡಬ್ಬಿ, ತುಂಬ ಗಾಜಿನ ಮಣಿ, ನಡುವೆ ತಿರುಗುವ ರೆಕ್ಕೆ. ಒಂದು ಮೈ ನುಣುಪು, ಇನ್ನೊಂದಕ್ಕೆ ರಬ್ಬರ್. ಮಣಿಗಳು ದಿಕ್ಕುದೆಸೆಯಿಲ್ಲದೆ ಬಡಿದರೂ ರೆಕ್ಕೆ ಒಂದೇ ಕಡೆ ತಿರುಗುತ್ತದೆ. ಬ್ರೌನಿಯನ್ ಮೋಟಾರ್.

ರೆಕ್ಕೆಯ ಕಡ್ಡಿ ಕೂತ ಬೇರಿಂಗಿನ ಎಣ್ಣೆ ಪೂರ್ತಿ ಒರೆಸಿ ನೋಡಿದಳಂತೆ. ಬಲಕ್ಕೆ ತಿರುಗುತ್ತಿದ್ದದ್ದು ಎಡಕ್ಕೆ ತಿರುಗಿತಂತೆ. ಘರ್ಷಣೆ ಓಟವನ್ನು ತಡೆಯಬೇಕು; ದಿಕ್ಕು ಬದಲಿಸುವುದುಂಟೇ? ಟೇಬಲ್ ವಾಲಿದೆ ಎಂದೆ. ನಲವತ್ತು ಸಲ ಮಾಡಿ ತಾ ಎಂದೆ.

೧೯ ಜೂನ್

ನಲವತ್ತಕ್ಕೆ ನಲವತ್ತೂ ಎಡಕ್ಕೆ. ಕಾರಣವನ್ನೂ ಬರೆದಿದ್ದಾಳೆ: ಬೇರಿಂಗ್ ಒಣಗಿದ್ದರೆ ರೆಕ್ಕೆ ಪ್ರತಿ ಪೆಟ್ಟಿನ ನಂತರ ನಿಂತುಬಿಡುತ್ತದೆ, ಹಿಂದಿನ ಓಟ ಉಳಿಯುವುದಿಲ್ಲ, ಹಾಗಾಗಿ ಲೆಕ್ಕವೇ ಬೇರೆ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಓದಿ ನಕ್ಕೆ. ಕೆಮಿಸ್ಟ್ರಿಯ ಬೆಟ್ಟಸ್ವಾಮಿಯೂ ನಕ್ಕರು. ಅವಳು ನೆಲ ನೋಡುತ್ತ ನಿಂತಿದ್ದಳು.

ಸಂಜೆ ಅವಳು ಬಸ್ಸಿಗೆ ಹೋದ ಮೇಲೆ ಒಬ್ಬನೇ ಮಾಡಿ ನೋಡಿದೆ. ಎಡಕ್ಕೆ. ಮತ್ತೆ... ಎಡಕ್ಕೆ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ನನಗೆ ಇಂಥದ್ದು ಒಂದೂ ಸಿಕ್ಕಿಲ್ಲ.

೩ ಜುಲೈ

ರಿಸಲ್ಟ್ ತಪ್ಪು, ಥೀಸಿಸ್‌ಗೆ ಸಹಿ ಹಾಕುವುದಿಲ್ಲ ಎಂದೆ. ನೋಟ್‌ಬುಕ್ ತೆಗೆದಿಟ್ಟುಕೊಂಡೆ. ವಾಪಸ್ ಕೊಡಿ ಎಂದು ಮೂರು ಸಲ ಕೇಳಿದಳು. ಕೊಡಲಿಲ್ಲ.

೮ ಸೆಪ್ಟೆಂಬರ್

ಭಾನುಪ್ರಿಯಾ ಬರುವುದು ಬಿಟ್ಟು ಎರಡು ತಿಂಗಳು. ಇವತ್ತು ಅವಳ ಅಪ್ಪ ಕೆಂಪಯ್ಯ ಬಂದಿದ್ದ. ಇಟ್ಟಿಗೆ ಗೂಡಿನ ಕೆಲಸದವನು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮಗಳು ಸರಿಯಾಗಿ ಉಣ್ಣುತ್ತಿಲ್ಲ, ಯಾರೊಂದಿಗೂ ಮಾತಿಲ್ಲ ಎಂದ.

"ನಮ್ಮುಡ್ಗಿ ಸುಳ್ಳು ಬರ್ಯಾಕಿಲ್ಲ ಸಾ. ನೀವೇ ಒಂದ್ಸಲ ತಿರುಗ್ಸಿ ನೋಡ್ಬುಡಿ."

ನೋಡಿದ್ದೇನೆ, ಅವಳು ಬರೆದ ಹಾಗೆ ತಿರುಗಲಿಲ್ಲ ಎಂದೆ. ಮಗಳ ಪರವಾಗಿ ತಪ್ಪಾಯಿತು ಎಂದು ಕೈಮುಗಿದ. ಪರವಾಗಿಲ್ಲ ಹೋಗಿ ಬಾ ಎಂದೆ.

೨ ಫೆಬ್ರವರಿ ೨೦೦೯

ಒಣ ಬೇರಿಂಗಿನ ಮೇಲೆ ನಾನು ಬರೆದು ಕಳಿಸಿದ್ದ ಪೇಪರ್ ಜರ್ನಲ್‌ನಿಂದ ವಾಪಸ್ ಬಂದು ಹದಿನೈದು ದಿನ. ಅದರಲ್ಲಿ ಶಿವಮಲ್ಲಪ್ಪ ಎಂದು ನನ್ನೊಬ್ಬನ ಹೆಸರು. ಘರ್ಷಣೆಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ಎಲ್ಲಿ ದಿಕ್ಕು ಬದಲಾಗುತ್ತದೆ ಎಂದು ತೋರಿಸಿ ಎನ್ನುತ್ತಾರೆ. ಅಂದಿನಿಂದ ಒದ್ದಾಡುತ್ತಿದ್ದೇನೆ. ಪೂರ್ತಿ ಎಣ್ಣೆ, ಇಲ್ಲವೇ ಪೂರ್ತಿ ಒಣ — ನಡುವಿನದು ನನ್ನ ಕೈಗೆ ಬರುತ್ತಿಲ್ಲ. ಅವಳಿಗೇ ಹೇಳಿಕಳಿಸಿದೆ. ಪೇಪರಿನ ವಿಷಯ ಹೇಳಿಲ್ಲ.

೧೨ ಫೆಬ್ರವರಿ

ಸೋಮವಾರ ಬಂದಳು. ತುಂಬ ಬಡವಾಗಿದ್ದಾಳೆ. ಯಾಕೆ ಕರೆದಿರಿ ಎಂದು ಕೇಳಲಿಲ್ಲ, ನೇರ ಡಬ್ಬಿಯ ಮುಂದೆ ಕೂತಳು. ಮೂರೇ ದಿನದಲ್ಲಿ ಮುಗಿಸಿದಳು. ಗ್ರಾಫ್ ಕೈಗಿಡುವಾಗ ಮಾತ್ರ ಕೇಳಿದಳು.

"ಅಂಗಾದ್ರೆ ನಂದು ತಪ್ಪಿರ್ನಿಲ್ಲ ಅಲ್ವಾ ಸರ್?"

"ಆಗ ತಪ್ಪಿತ್ತು ಕಣಮ್ಮ. ಈಗ ನಾನ್ ಹೇಳ್ದಂಗೆ ಮಾಡ್ದೆ, ಸರಿ ಬಂತು."

ತಲೆಯಾಡಿಸಿದಳು. ಥ್ಯಾಂಕ್ಸ್ ಎಂದು ಹೇಳಿಯೇ ಹೋದಳು.

೨೧ ಆಗಸ್ಟ್, ಸಂಜೆ
ಮೈಸೂರು

ಪೇಪರ್ ಅಚ್ಚಾಗಿದೆ. ಸೆಮಿನಾರಿನಲ್ಲಿ ಅದನ್ನೇ ಮಂಡಿಸಿದೆ. ಚಪ್ಪಾಳೆ. ಒಣ ಬೇರಿಂಗ್ ಹೇಗೆ ಹೊಳೆಯಿತು ಎಂದು ಯಾರೋ ಕೇಳಿದರು. ಎಣ್ಣೆ ಮುಗಿದುಹೋಗಿತ್ತು ಎಂದೆ. ಸಭೆ ನಕ್ಕಿತು.

ಕೊನೆಯ ಸಾಲಿನಲ್ಲಿ ಭಾನುಪ್ರಿಯಾ ಎದ್ದು ನಿಂತಳು. ಕೈಯಲ್ಲಿ ನನ್ನ ಪೇಪರಿನ ಜೆರಾಕ್ಸ್. ದನಿ ಏರಿಸಲಿಲ್ಲ.

"ಮಧ್ಯದ ಘರ್ಷಣೆ ಎಂಗೆ ತಂದ್ರಿ ಸರ್? ಅದನ್ನ ಪೇಪರಲ್ಲಿ ಬರ್ದಿಲ್ಲ."

ನನಗೆ ಗೊತ್ತಿಲ್ಲ. ಆ ಮೂರು ದಿನ ಅವಳು ಏನು ಮಾಡಿದಳೆಂದು ನಾನು ಕೇಳಿಯೇ ಇರಲಿಲ್ಲ. ನೀರು ಕುಡಿದೆ. ಅವಳು ಕೂರಲಿಲ್ಲ. ಹೇಳಿ ಎಂದರು ಅಧ್ಯಕ್ಷರು. ನನ್ನ ಪೇಪರಿನ ಹಾಳೆ ತಿರುವುತ್ತಲೇ ಇದ್ದೆ; ಕೊನೆಗೆ ಅವರು ಮೈಕನ್ನು ಅವಳ ಕಡೆ ಚಾಚಿದರು.