ನನ್ನ ಫೋನಿಗೆ ಹಾಕಿದ ಪುಕ್ಕಟೆ ವಿಪಿಎನ್

ರೀ,

ಊಟ ಮುಚ್ಚಿಟ್ಟಿದ್ದೇನೆ, ನೀವೇ ಬಡಿಸಿಕೊಳ್ಳಿ. ಇವತ್ತು ನನ್ನ ಕೈಲಾಗದು.

ನನ್ನ ಫೋನ್ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿದೆ. ಆಫ್ ಮಾಡಿದ್ದೇನೆ. ಮುಟ್ಟಿದರೆ ನೋಡಿ.

ನಿನ್ನೆ ಸ್ಟೇಷನ್ನಿನ ಬಿಟ್ಟಿ ವೈಫೈನಲ್ಲಿ ಮ್ಯಾಚ್ ನೋಡಲು ನನ್ನ ಫೋನಿಗೊಂದು ಬಿಟ್ಟಿ ವಿಪಿಎನ್ ಆ್ಯಪ್ ಹಾಕಿದಿರಲ್ಲ, ಅದು ಏನೇನು ಕೇಳಿತು ಅಂತ ಓದಿದಿರಾ? ಫೋಟೊ ಕೇಳಿದೆ, ನಂಬರುಗಳನ್ನು ಕೇಳಿದೆ, ಮೈಕ್ ಕೂಡ ಕೇಳಿದೆ. ಎಲ್ಲದಕ್ಕೂ ಹೂಂ ಅಂತ ಒತ್ತಿದ್ದೀರಿ. ಕೇಳಿದರೆ, "ನಾಲ್ಕೂವರೆ ಸ್ಟಾರ್ ಇತ್ತು ಕಣೇ, ವೈಫೈ ಕಳ್ಳರಿಂದ ಕಾಯುತ್ತಂತೆ" ಅಂತೀರಿ. ಕಾಯುವುದಕ್ಕೆ ನನ್ನ ಫೋಟೊ ಯಾಕ್ರೀ ಬೇಕು? ಬೇಲಿಯೇ ಎದ್ದು ಹೊಲ ಮೇಯ್ದಿದೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನೋ ಜಾತಿ ನಿಮ್ಮದು. ಥೂ.

ಆ ಫೋನಿನಲ್ಲಿ ನನ್ನ ಗಿರಾಕಿಗಳು ಬ್ಲೌಸ್ ಟ್ರಯಲ್ ನೋಡುವಾಗ ತೆಗೆದ ಫೋಟೊಗಳಿವೆ. ಪಕ್ಕದಲ್ಲೇ ಹೆಸರು, ಎದೆ ಸೊಂಟದ ಅಳತೆ. ಗಂಡನಿಗೂ ಹೇಳದ ಅಳತೆಯನ್ನು ನನ್ನ ನಂಬಿ ಕೊಟ್ಟವರು.

ಆ್ಯಪ್ ಕಿತ್ತುಹಾಕಿದೆ. ಅಷ್ಟರಲ್ಲಿ ಏನೇನು ಹೋಯಿತೋ ಯಾರಿಗೆ ಗೊತ್ತು? ಅದಕ್ಕೇ ಮನೆಮನೆಗೂ ಹೋಗಿ ನಾನೇ ಹೇಳಿ ಬರುತ್ತೇನೆ. ಮೊದಲು ಟೀಚರಮ್ಮನ ಮನೆ.

ತಿಳಿಯದೆ ಮಾಡಿದ್ದೀರಿ ಅಂದುಕೊಂಡು, ನಿಮ್ಮ ಫೋನಿನಿಂದಲೂ ತೆಗೆಯೋಣ ಕೊಡಿ ಅಂದೆ. ಆಗ ಏನಂದಿರಿ? "ನಂದಕ್ಕೆ ಯಾಕೆ ಹಾಕ್ಲಿ? ನಂದ್ರಲ್ಲಿ ಬ್ಯಾಂಕಿಂದೆಲ್ಲ ಇದೆ."

ಈ ಮಾತನ್ನೂ ಒಂದಕ್ಷರ ಬಿಡದೆ ಪ್ರತಿ ಮನೆಯಲ್ಲೂ ಹೇಳುತ್ತೇನೆ.