ನೆಲಮಾಳಿಗೆಯಲ್ಲಿ ಉಳಿದ ಮತಗಳು

ವೆಸ್ಟ್ ಹ್ಯಾಡ್ಲಿನ್, ವರ್ಮಾಂಟ್
ಮಾರ್ಚ್ 6, ಬುಧವಾರ

ನಿನ್ನೆ ವರ್ಷದ ಊರಸಭೆ ಮುಗಿಯಿತು. ನಿಮ್ಮಪ್ಪ ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡಲು ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ.

ಪ್ರೀತಿಯ ಕೊರಿನ್,

ನಿನ್ನ ಕೆಮ್ಮು ಹೇಗಿದೆ? ಟೋಬಿಯ ಕಿವಿನೋವು ಇಳಿಯಿತೇ? ಪಾಳಿ ಮುಗಿಸಿ ಬಂದವಳು ಅವನ ಜೊತೆ ಆಡುತ್ತಾ ಕೂರಬೇಡ, ಮೊದಲು ಮಲಗು. ನಿನ್ನ ಅತ್ತೆಗೆ ನನ್ನ ವಂದನೆ ಹೇಳು. ಮಗುವನ್ನು ಅವರು ನೋಡಿಕೊಳ್ಳದಿದ್ದರೆ ನಿನಗೆ ನರ್ಸ್ ಕೆಲಸವಿಲ್ಲ. ನಾನೋ ಶಾಲೆಯ ಬಸ್ಸು ಓಡಿಸುವವಳು, ನನ್ನ ಹಗಲು ನನ್ನದಲ್ಲ. ಅದಕ್ಕೇ ಅಲ್ಲವೇ ನೀನು ಅತ್ತೆಯ ಊರು ವೂಸ್ಟರ್ ಸೇರಿದ್ದು.

ಈಗ ಸುದ್ದಿ. ನಮ್ಮ ಶಾಲೆಯಲ್ಲಿ ಟೋಬಿಯಂಥ ಮೂರು, ನಾಲ್ಕು ವರ್ಷದ ಮಕ್ಕಳಿಗೆ ದಿನಪೂರ್ತಿಯ ತರಗತಿ ತೆರೆಯುವ ವಿಷಯ ಸಭೆಯ ಮುಂದಿತ್ತು. ಗೆದ್ದಿದ್ದರೆ ನೀನು ಇಲ್ಲಿನ ಆಸ್ಪತ್ರೆಯ ಕೆಲಸ ಒಪ್ಪಿಕೊಂಡು ಮನೆಗೆ ಬರಬಹುದಿತ್ತು. ಸೋತಿತು. ಸೋತ ಬಗೆಯನ್ನು ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು.

ಹಿಮ ಗೋರುವ ಹೊಸ ಲಾರಿಗೆ ಬೆಳಿಗ್ಗೆ ಜನ ಕೋಟು ಬಿಚ್ಚುವ ಮೊದಲೇ ಒಪ್ಪಿಗೆ ಸಿಕ್ಕಿತು. ತರಗತಿಯ ಮಾತು ಬಂದಾಗ ಮಾತ್ರ ಎಲ್ಲರಿಗೂ ತೆರಿಗೆ ನೆನಪಾಯಿತು. ಗರಗಸದ ಮಿಲ್ಲಿನ ವೆಂಡೆಲ್ ಎದ್ದು, 'ಅಧ್ಯಕ್ಷರೇ, ಇದು ಹೆಂಗಸರ ವಿಷ್ಯ, ಮನೇಲೇ ಬಗೆಹರಿಸ್ಕೊಳ್ಳಲಿ' ಅಂದನಂತೆ. ಲಾರಿಯನ್ನು ಯಾರೂ ಗಂಡಸರ ವಿಷಯ ಅನ್ನಲಿಲ್ಲ. ಸರೋವರದ ದಂಡೆಯ ದೊಡ್ಡ ಮನೆಗಳವರು ಮಗು ಹುಟ್ಟಿದೊಡನೆ ದಾದಿಯನ್ನು ಇಟ್ಟುಕೊಳ್ಳುತ್ತಾರೆ. ಬೆಟ್ಟದ ರಸ್ತೆಯ ಹುಡುಗಿ ಕೆಲಸ ಬಿಡುತ್ತಾಳೆ. ಮೂರನೇ ವಯಸ್ಸಿಗೇ ಮಕ್ಕಳ ದಾರಿ ಬೇರೆಯಾದ ಮೇಲೆ, ಆರನೇ ವಯಸ್ಸಿನಲ್ಲಿ ಒಂದೇ ಪುಸ್ತಕ ಕೊಟ್ಟು ಇಬ್ಬರೂ ಸಮಾನರು ಎಂದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಬಸ್ಸಿನ ಕನ್ನಡಿಯಲ್ಲಿ ದಿನವೂ ಆ ವ್ಯತ್ಯಾಸ ನೋಡುತ್ತೇನೆ.

ವೆಂಡೆಲ್‌ನ ಮಾತನ್ನು ನಾನು ಕಿವಿಯಾರೆ ಕೇಳಲಿಲ್ಲ. ಆಗ ನಾವು ಹೆಂಗಸರು, ಪ್ರತಿ ವರ್ಷದಂತೆ, ನೆಲಮಾಳಿಗೆಯ ಅಡುಗೆಮನೆಯಲ್ಲಿ ಊರಿಗೆಲ್ಲ ಊಟ ಬಿಸಿ ಮಾಡುತ್ತಿದ್ದೆವು. ನಮ್ಮ ವಿಷಯ ಊಟದ ನಂತರ ಬರುತ್ತದೆಂದುಕೊಂಡಿದ್ದೆವು. ಸಭೆ ಬೇಗ ಸಾಗಿಬಿಟ್ಟಿತು. 'ಹೌದು', 'ಇಲ್ಲ' ಎಂದು ಕೂಗಿದ ದನಿಯಲ್ಲಿ ಯಾರು ಹೆಚ್ಚೆಂದು ತಿಳಿಯದೆ ಅಧ್ಯಕ್ಷರು, ಪರವಾಗಿರುವವರು ಕಿಟಕಿ ಕಡೆಗೂ ವಿರೋಧವಿರುವವರು ಬಾಗಿಲ ಕಡೆಗೂ ಹೋಗಿ ನಿಲ್ಲಿ ಎಂದರಂತೆ. ನಮಗೆ ಕೇಳಿಸಿದ್ದು ತಲೆಯ ಮೇಲೆ ಕುರ್ಚಿ ಎಳೆದ ಸದ್ದು. 'ಊಟಕ್ಕೆ ಬಿಟ್ರು ಕಣ್ರೇ, ಬೇಗ ಬೀನ್ಸ್ ಇಳಿಸಿ' ಎಂದು ಡಾರ್ಲೀನ್ ಅವಸರ ಮಾಡಿದಳು. ಗೊತ್ತಲ್ಲ, ಆ ಅಡುಗೆಮನೆಗೆ ಅವಳೇ ಯಜಮಾನಿ. ನಾವು ತಟ್ಟೆ ಜೋಡಿಸುತ್ತಿದ್ದಾಗ ಮೇಲೆ ಮತ ಎಣಿಸಿ ಮುಗಿಸಿದರು. ಎಷ್ಟು ಮತದಲ್ಲಿ ಸೋತೆವೋ ಅದಕ್ಕಿಂತ ಹೆಚ್ಚು ಹೆಂಗಸರು ಏಪ್ರನ್ ಕಟ್ಟಿಕೊಂಡು ಕೆಳಗಿದ್ದೆವು.

ಮೊದಲು ಮೆಟ್ಟಿಲಿಳಿದು ಬಂದವರು ನಿಮ್ಮಪ್ಪ. ತೆರಿಗೆ ಅಂದರೆ ಅವರ ಮುಖ ಹೇಗಾಗುತ್ತದೆಂದು ನಿನಗೆ ಹೇಳಬೇಕಿಲ್ಲ. 'ಕಿಟಕಿ ಹತ್ರ ನಿಂತ್ಕೊಂಡು ನಿನ್ನೇ ಹುಡುಕ್ದೆ ಕಣೇ ವಿನಿ. ನನ್ನೊಬ್ಬನ್ನೇ ಅಲ್ಲಿ ಬಿಟ್ಟು ಇಲ್ಲೇನ್ ಮಾಡ್ತಿದೀಯ?' ಅಂದರು. 'ನಿಮ್ಗೇ ಊಟ' ಅಂದೆ. ಅವರು ಅದನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ವೆಂಡೆಲ್‌ನ ಮಾತೂ ಕೆಳಗೆ ತಲುಪಿತ್ತು. ಡಾರ್ಲೀನ್ ಅವನ ತಟ್ಟೆಗೆ ಒಂದೇ ಚಮಚ ಬೀನ್ಸ್ ಹಾಕಿ, 'ಉಳಿದಿದ್ದು ಮನೇಲೇ ಬಗೆಹರಿಸ್ಕೋ' ಅಂದಳು.

ನಾನು ಬೇಸರದಲ್ಲಿದ್ದೇನೆಂದು ತಿಳಿಯಬೇಡ. ಮಕ್ಕಳು ಮೊಮ್ಮಕ್ಕಳು ಇಲ್ಲದ ಮುದುಕರೂ ಕಿಟಕಿ ಕಡೆ ನಿಂತಿದ್ದರಂತೆ. ಇಷ್ಟು ವರ್ಷದಲ್ಲಿ ಅಂಥದ್ದನ್ನು ನಾನು ಕೇಳಿರಲಿಲ್ಲ.

ಟೋಬಿಗೆ ಮುತ್ತು. ಹೊಟ್ಟೆ ತುಂಬ ಉಣ್ಣು, ನಗುತ್ತಿರು.

ನಿನ್ನ
ಅಮ್ಮ

ತಾ.ಕ.: ಬಸ್ಸಿನ ಹೊತ್ತಾಯಿತು. ಇಲ್ಲಿನ ಆಸ್ಪತ್ರೆಯವರಿಗೆ ಆಗುವುದಿಲ್ಲವೆಂದು ಈಗಲೇ ಬರೆಯಬೇಡ. ಸಾಕಷ್ಟು ಮತದಾರರು ಸಹಿ ಹಾಕಿ ಕೇಳಿದರೆ ಊರು ಇನ್ನೊಮ್ಮೆ ಮತಕ್ಕೆ ಸೇರಲೇಬೇಕು. ಶನಿವಾರದಿಂದ ಮನೆಮನೆಗೆ ಹೊರಡುತ್ತೇನೆ. ಆ ಸಭೆಯ ದಿನ ಊಟವಿಲ್ಲ, ಅಡುಗೆಮನೆಗೆ ಬೀಗ. ಹಸಿವಾದವರು ಬುತ್ತಿ ತರಲಿ. ಡಾರ್ಲೀನ್‌ಗೆ ಇದನ್ನು ನಾನೇ ಹೇಳಬೇಕು. ಇನ್ನೂ ಹೇಳಿಲ್ಲ.