ಪ್ರೊಸೆಸರ್ ಬದಲಿಸುವ ಮೊದಲು

ಮನೆಯಿಂದ,
ತಾರೀಖು ಹದಿನೇಳು, ಗುರುವಾರ ಬೆಳಿಗ್ಗೆ

ನನ್ನ ಮಗನೇ,

ದೇವರು ನಿನ್ನನ್ನು ಕಾಯಲಿ. ಜೈಲಿನಲ್ಲಿ ಹೊಟ್ಟೆ ತುಂಬ ಕೊಡುತ್ತಾರೆಯೇ? ಕೆಮ್ಮು ಕಡಿಮೆಯಾಯಿತೆ? ನಾನು ಕಬ್ಬಿಣದ ಸೌಟಿನಲ್ಲಿ ಬಾರಿಸಿದ ಬಾಸುಂಡೆ ಬೆನ್ನ ಮೇಲೆ ಇನ್ನೂ ಇದ್ದರೆ ಯಾರನ್ನಾದರೂ ಕೇಳಿ ಒಂದಿಷ್ಟು ಎಣ್ಣೆ ಹಚ್ಚಿಸಿಕೋ. ಹೊಡೆದದ್ದಕ್ಕೆ ನಾನು ನೊಂದುಕೊಂಡಿಲ್ಲ, ಸೌಟು ಮಾತ್ರ ಸೊಟ್ಟಗಾಗಿದೆ. ಆವತ್ತು ನಿನ್ನನ್ನು ಆ ರಿಪೇರಿಯಣ್ಣನ ಎದೆಯ ಮೇಲಿಂದ ಎಬ್ಬಿಸಲು ನನಗೆ ಬೇರೆ ದಾರಿ ಕಾಣಲಿಲ್ಲ. ಹೆತ್ತ ಮಗನಿಗೆ ಮೂರು ಏಟು ಹಾಕಿದೆ. ನಾಲ್ಕನೆಯದಕ್ಕೆ ನೀನು ತಿರುಗಿ ನೋಡಿದೆ. ಆ ಕಣ್ಣು ನಿಮ್ಮಪ್ಪನದು. ಅವರು ತೀರಿಹೋಗಿ ಒಂಬತ್ತು ವರ್ಷವಾದರೂ ನನ್ನ ಕೈ ತಾನಾಗಿ ಮುಖ ಮುಚ್ಚಿಕೊಂಡಿತು.

ನಾನೂ ನಿನ್ನ ತಂಗಿಯೂ ಇದ್ದೇವೆ. ಅಡ್ಡ ಬಂದಳೆಂದು ನೀನು ತಳ್ಳಿದಾಗ ಬಾಗಿಲ ಚೌಕಟ್ಟಿಗೆ ಬಡಿದು ಸೀಳಿದ ಅವಳ ಹುಬ್ಬಿನ ಹೊಲಿಗೆ ಬಿಚ್ಚಿದ್ದಾರೆ. ‘ಒಂದಿದ್ದ ಹುಬ್ಬು ಎರಡಾಯ್ತು, ಅಣ್ಣನ ಉಡುಗೊರೆ’ ಅಂತ ಅವಳು ತಮಾಷೆ ಮಾಡುತ್ತಾಳೆ. ನನಗೆ ನಗು ಬರುವುದಿಲ್ಲ. ಕಂಪ್ಯೂಟರ್ ರಿಪೇರಿಯಣ್ಣ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಕಂಪ್ಯೂಟರ್ ಡಬ್ಬದ ಪಕ್ಕದ ತಗಡನ್ನೇ ಎತ್ತಿ ನೀನು ಬೀಸಿದ್ದರಿಂದ ಎಡಗಣ್ಣಿನ ಕೆಳಗಿನ ಮೂಳೆ ಒಡೆದಿದೆ. ಬಿದ್ದ ಮೇಲೆ ನೀನು ತುಳಿದ ಬಲಗೈಯ ಮೂರು ಬೆರಳು ಇನ್ನೂ ಮಡಚುತ್ತಿಲ್ಲ. ಸಾಸಿವೆಯಷ್ಟು ತಿರುಪು ಹಿಡಿಯುತ್ತಿದ್ದ ಬೆರಳು ಕಣೋ ಅವು. ಅವರ ಭಾವಮೈದ ಬಂದು ನಮ್ಮ ಕಿಟಕಿಗೆ ಕಲ್ಲು ಬೀಸಿದ. ಗಾಜೆಲ್ಲ ನಾನು ಜಪಕ್ಕೆ ಕೂರುವ ಚಾಪೆಯ ಮೇಲೆ ಬಿತ್ತು. ಗುಡಿಸಿ ಹಾಕಿದೆ, ದೂರು ಕೊಡಲಿಲ್ಲ. ಯಾವ ಮುಖ ಹೊತ್ತು ಕೊಡಲಿ?

ನಿನ್ನ ಗೆಳೆಯ ಭಾನುವಾರ ನಿನ್ನನ್ನು ನೋಡಿ ಬಂದು ನೀನು ಹೇಳಿಕಳಿಸಿದ್ದನ್ನು ಹೇಳಿದ. ವಿಚಾರಣೆಯಲ್ಲಿ ನಾನು ನಿಂತು, ರಿಪೇರಿಯವನು ನಮ್ಮ ಕಂಪ್ಯೂಟರಿನ ಒಳ್ಳೆಯ ಪ್ರೊಸೆಸರ್ ಕದ್ದು ಸವೆದುಹೋದದ್ದನ್ನು ಕೂರಿಸಿದ, ಕೇಳಿದ್ದಕ್ಕೆ ಅವನೇ ಮೊದಲು ಕೈ ಎತ್ತಿದ ಅನ್ನಬೇಕಂತೆ. ಅದಕ್ಕೂ ಮೊದಲು ಈಗ ಇರುವುದನ್ನು ಕಿತ್ತೆಸೆದು ಬೇರೆ ಹಾಕಿಸಬೇಕಂತೆ. ಹೇಗೂ ಬದಲಿಸುವ ಕಾಲ ಬಂದಿದೆ ಅಂದೆಯಂತೆ. ಈ ಕಾಗದವನ್ನು ಅಲ್ಲಿಯವರು ಒಡೆದು ಓದುತ್ತಾರೆಂದು ಗೊತ್ತು. ಓದಲಿ.

ಬದಲಿಸುವ ಕಾಲದ ಮಾತನ್ನೇ ಮೊದಲು ಆಡೋಣ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು, ಆದರೂ ಮನೆಯಲ್ಲಿ ಮೂರು ಹೊತ್ತೂ ಅದೇ ಜಗಳವಿದ್ದಾಗ ಗೋಡೆಗೂ ಪಾಠ ಬರುತ್ತದೆ. ತಂಗಿ ಕಂಪ್ಯೂಟರಿನಲ್ಲಿ ಬರೆಯುವ ಮನೆನಕ್ಷೆಗಳಿಗೆ ಬಣ್ಣ, ಬೆಳಕು ತುಂಬಿ ಒಂದು ಚಿತ್ರ ಮೂಡಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಹೊಸ ಪ್ರೊಸೆಸರ್ ಬೇಕೇ ಬೇಕೆಂದು ನೀನು ಮೇಜು ಗುದ್ದಿದೆ. ರಿಪೇರಿಯಣ್ಣ ಆಗ ಹೇಳಿದ್ದು ನೆನಪಿದೆಯೇ? ‘ಅಂಗಡೀಲಿ ಹೊಸದು ಕಂಡಾಗ ಅಲ್ಲಪ್ಪ, ಇರೋದು ಉಸಿರು ಕಟ್ಟಿ ದುಡಿದ್ರೂ ಕೆಲಸಕ್ಕೆ ಸಾಲದಾಗ ಬದಲಿಸು. ಮೊದಲು ಕೊಳೆ ತೆಗಿ, ಆಮೇಲೆ ಮೆಮೊರಿ ನೋಡು. ಆಗಲೂ ಸಾಲದಿದ್ರೆ ಇದೇ ಬೋರ್ಡಿಗೆ ಕೂರೋ ದೊಡ್ಡದೊಂದು ಸೆಕೆಂಡ್‌ಹ್ಯಾಂಡಲ್ಲಿ ಹುಡುಕಿಕೊಡ್ತೀನಿ.’ ಒಳಗೆಲ್ಲ ಒರೆಸಿ, ಮೆಮೊರಿ ಹೆಚ್ಚಿಸಿ ಕೊಟ್ಟರು. ಇಪ್ಪತ್ತು ನಿಮಿಷಕ್ಕೆ ಚಿತ್ರ ಮೂಡತೊಡಗಿತು. ಎರಡು ತಿಂಗಳ ನಂತರ ಮತ್ತೆ ಹಳೆಯ ಕಥೆ. ತಂಗಿಗೆ ನಕ್ಷೆ ಕೆಲಸ ಕೊಡುತ್ತಿದ್ದ ಕಟ್ಟಡದ ಗುತ್ತಿಗೆದಾರ ಅದನ್ನು ಬೇರೆಯವರಿಗೆ ಕೊಟ್ಟ. ರಿಪೇರಿಯವನು ಪ್ರೊಸೆಸರ್ ಕದ್ದಿದ್ದಾನೆ ಎಂದು ನೀನು ತೀರ್ಮಾನ ಮಾಡಿಯೇಬಿಟ್ಟೆ, ಅವರನ್ನು ಮನೆಗೆ ಕರೆಸಿದೆ, ಮುಂದಿನದು ನಿನಗೇ ಗೊತ್ತು.

ನಿನ್ನನ್ನು ಕರೆದೊಯ್ದ ಮೇಲೆ ನೆಲದ ರಕ್ತ ಒರೆಸಿ ನಾವಿಬ್ಬರೂ ಆ ಡಬ್ಬದೊಳಗೆ ಇಣುಕಿದೆವು. ಫ್ಯಾನಿನ ರೆಕ್ಕೆಗಳ ಮೇಲೆ ಕಾಡಿಗೆಯಂಥ ಜಿಡ್ಡು ಮೆತ್ತಿಕೊಂಡಿತ್ತು. ಗಾಳಿಯಾಡದೆ ಒಳಗಿನದು ಕಾದು, ಕಾದದ್ದಕ್ಕೇ ನಿಧಾನವಾಗಿತ್ತು. ಅದು ನನ್ನ ದೀಪದ ಕಾಡಿಗೆ, ನನ್ನ ಊದುಬತ್ತಿಯ ಹೊಗೆ. ಅನ್ನ ಕೊಡುವ ಯಂತ್ರ ಎಂದು ದಿನಾ ಅದರ ಮುಂದೆಯೇ ಹಚ್ಚುತ್ತಿದ್ದೆನಲ್ಲ. ಅದು ನಿಧಾನವಾದಷ್ಟೂ ಎರಡು ಕಡ್ಡಿ ಹೆಚ್ಚಿಗೆ ಹಚ್ಚಿದೆ. ಹೊಗೆಯಿಂದ ದೂರ ಇಡಿ ಎಂದು ರಿಪೇರಿಯಣ್ಣ ಮೊದಲ ಸಲವೇ ಹೇಳಿದ್ದರು. ಅಡುಗೆಯ ಹೊಗೆ ಅಂದುಕೊಂಡೆ. ದೇವರಿಗೆ ಹಚ್ಚಿದ್ದೂ ಹೊಗೆಯೇ ಎಂದು ನನಗೆ ಹೊಳೆಯಲಿಲ್ಲ. ತಂಗಿ ಜಿಡ್ಡು ಕೆರೆದು ತೆಗೆದು, ಪ್ರೊಸೆಸರಿನ ಬೆನ್ನಿನ ನಂಬರನ್ನು ಕೊಂಡಾಗಿನ ರಟ್ಟಿನ ಪೆಟ್ಟಿಗೆಯ ನಂಬರಿಗೆ ಹೋಲಿಸಿದಳು. ಒಂದಕ್ಷರವೂ ಬೇರೆಯಿಲ್ಲ, ಅದು ನಮ್ಮದೇ. ಅವಳು ಬಂದು ನಿನಗೆ ಇದನ್ನು ಹೇಳಿದ ಮರುವಾರವೇ ಅಲ್ಲವೇ ನೀನು ಅದನ್ನು ಕಿತ್ತೆಸೆಯಲು ಹೇಳಿಕಳಿಸಿದ್ದು?

ಈಗ ಮತ್ತೆ ಇಪ್ಪತ್ತು ನಿಮಿಷಕ್ಕೆ ಚಿತ್ರ ಮೂಡುತ್ತಿದೆ. ಇನ್ನೆರಡು ವರ್ಷ ಇದರಲ್ಲೇ ಎಳೆಯಬಹುದು ಎನ್ನುತ್ತಾಳೆ ತಂಗಿ. ದೀಪವನ್ನು ಅಡುಗೆಮನೆಯ ಗೂಡಿಗೆ ಒಯ್ದಿದ್ದೇನೆ, ದೇವರು ಅಲ್ಲಿಗೂ ಬಂದಿದ್ದಾನೆ. ಹೊತ್ತಿಗೆ ಉಣ್ಣು. ಯಾರ ಮೇಲೂ ಕೈ ಮಾಡಬೇಡ, ಅಲ್ಲಿ ಅಡ್ಡ ಬರಲು ಅಮ್ಮನೂ ಇಲ್ಲ, ಸೌಟೂ ಇಲ್ಲ. ನಿನ್ನ ಹೆಸರು ಹೇಳಿ ದಿನಾ ಕೈ ಮುಗಿಯುತ್ತೇನೆ.

ನಿನ್ನ ಅಮ್ಮ

ಮರೆತಿದ್ದೆ: ಆಟೋ ಬಂದು ಬಾಗಿಲಲ್ಲಿ ನಿಂತಿದೆ, ಬೇಗ ಬರೆಯುತ್ತೇನೆ. ಪ್ರೊಸೆಸರ್ ಬದಲಿಸುವುದಿಲ್ಲ. ಡಬ್ಬವನ್ನೂ ರಟ್ಟಿನ ಪೆಟ್ಟಿಗೆಯನ್ನೂ ಬೆಡ್‌ಶೀಟಿನಲ್ಲಿ ಕಟ್ಟಿದ್ದೇವೆ, ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತೇವೆ. ಅದು ವಾಪಸ್ ಬರುವ ತನಕ ತಂಗಿಗೆ ಕೆಲಸವಿಲ್ಲ. ಕೊಟ್ಟುಬಿಡೋಣ ಎಂದು ಮೊದಲು ಹೇಳಿದವಳೇ ಅವಳು. ಇನ್ನೊಂದು ಮಾತನ್ನು ನಾನು ಅವಳಿಗೂ ಹೇಳಿರಲಿಲ್ಲ, ವಿಚಾರಣೆಯಲ್ಲಿ ಹೇಳುತ್ತೇನೆ. ರಿಪೇರಿಯಣ್ಣ ಕೈ ಎತ್ತಲಿಲ್ಲ. ತಗಡು ಬಿಚ್ಚಿ ಒಳಗೆ ನೋಡಿ, ನನ್ನ ಕಡೆ ತಿರುಗಿ, ‘ಅಮ್ಮಾ, ಮತ್ತೆ ಹೊಗೆ’ ಅಂದರು. ಮೆಲ್ಲಗೆ ಅಂದರು, ನಿನಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ನಾನು ನಾಚಿಕೊಂಡು ಸುಮ್ಮನಿದ್ದೆ, ಅಷ್ಟರಲ್ಲಿ ನೀನು ಬೀಸಿದೆ.